ಉಪ್ಪು ನೋಡುವ ಕೆಲಸ

ಹಂಡೆ ಮಗುಚಬಹುದಿತ್ತು. ಒಲೆಯ ಬೆಂಕಿ ಪೆಂಡಾಲಿನ ಬಟ್ಟೆಗೆ ತಗುಲಬಹುದಿತ್ತು. ನನ್ನ ಭಾವಮೈದುನ ಸಂಗಮೇಶ ಮಧ್ಯಾಹ್ನವೇ ಮಸೀದಿಯ ಹಿಂಬಾಗಿಲಿನಿಂದ ಪರಾರಿಯಾಗಬಹುದಿತ್ತು. ಪರಾರಿಯಾಗದೆ ಅಲ್ಲೇ ಇದ್ದು, ಅಂಗಿಯ ಜೇಬಿನಲ್ಲಿ ಮತ್ತೆ ಆ ಹಾಳು ಮಾತ್ರೆಗಳನ್ನು ಇಟ್ಟುಕೊಂಡಿರಬಹುದಿತ್ತು. ಅವನು ಬಗ್ಗಿದಾಗ ಅವು ಜಾರಿ ಗಂಜಿಯೊಳಗೆ ಬಿದ್ದು, ಉಪವಾಸ ಬಿಡಲು ಕೂತ ನೂರಾರು ಜನ ಸಾಲಾಗಿ ನಿದ್ದೆ ಹೋಗಬಹುದಿತ್ತು. ಅದು ಟೀವಿಯಲ್ಲಿ ಬರಬಹುದಿತ್ತು, ಕೆಳಗೆ ಓಡುವ ಕೆಂಪು ಪಟ್ಟಿಯಲ್ಲಿ ನನ್ನ ಹೆಸರು, ನನ್ನ ಕಾಲೇಜಿನ ಹೆಸರು. ಗದಗಿನಲ್ಲಿರುವ ನನ್ನ ಅತ್ತೆ ಅದನ್ನು ನೋಡಿ ಸಿಕ್ಕಿದ ಬಸ್ಸು ಹತ್ತಬಹುದಿತ್ತು. ಆ ಬಸ್ಸು ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಿಂತಿರುವಷ್ಟು ಹೊತ್ತು ಮಾತ್ರ ನನಗೆ ಈ ಭೂಮಿಯ ಮೇಲೆ ನೆಮ್ಮದಿ. ಇಷ್ಟೂ ಆಗದಿದ್ದರೆ, ಸಂಗಮೇಶನನ್ನು ಕೆಲಸದಿಂದ ತೆಗೆದಿದ್ದ ಮಂಡಿ ಸಾಹುಕಾರರು ಎಲ್ಲರ ಎದುರು ಅವನ ಕಡೆ ಬೆರಳು ತೋರಿಸಿ, "ಮಾತ್ರೆ ನುಂಗೋನು ಇವನೇ ತಾನೇ?" ಅನ್ನಬಹುದಿತ್ತು.

ನಾನು ಯಲಹಂಕದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವನು. ಯಾವುದು ಆಗುವ ಸಂಭವ ಎಷ್ಟು ಎಂದು ಲೆಕ್ಕ ಹಾಕುವುದನ್ನು ಮಕ್ಕಳಿಗೆ ಕಲಿಸಿ, ಮನೆಗೆ ಬಂದು ಆಗುವ ಸಂಭವವೇ ಇಲ್ಲದ್ದಕ್ಕೆಲ್ಲ ಹೊಟ್ಟೆ ಕೆಡಿಸಿಕೊಳ್ಳುವುದು ನನ್ನ ದಿನಚರಿ. ಆ ಸಂಜೆ ನಾನು ಎಣಿಸಿದ ಅನಾಹುತಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ, ತೀರಾ ಸಣ್ಣದು. ಅದನ್ನು ಈಗಲೇ ಹೇಳಿದರೆ ಸಪ್ಪೆಯಾಗುತ್ತದೆ. ಮೊದಲು ಆ ಗಂಜಿಯ ಉಸ್ತುವಾರಿ ಹೊತ್ತಿದ್ದ ಮನುಷ್ಯನ ಬಗ್ಗೆ ಹೇಳಬೇಕು.

ಅವರು ಆರ್.ಟಿ. ನಗರದಲ್ಲಿ ನಮ್ಮ ಪಕ್ಕದ ಮನೆಯವರು. ಅಬಕಾರಿ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ನಮ್ಮ ಬೀದಿಯ ಮಸೀದಿ ಕಮಿಟಿಯಲ್ಲಿ ಅಡುಗೆಮನೆಯ ಉಸ್ತುವಾರಿ ಅವರದು. ಅವರ ಹೆಸರು ಬರೆಯುವುದಿಲ್ಲ. ಬೇರೆಯವರ ಹೆಸರು ಬೀದಿಗೆ ಬೀಳದ ಹಾಗೆ ನೋಡಿಕೊಳ್ಳುವುದನ್ನೇ ಒಂದು ಉದ್ಯೋಗ ಮಾಡಿಕೊಂಡಿದ್ದವರ ಹೆಸರನ್ನು ನಾನು ಅಚ್ಚು ಹಾಕಿಸುವುದು ಚೆನ್ನಾಗಿರುವುದಿಲ್ಲ. ಬೀದಿಯವರೆಲ್ಲ ಸಾಹೇಬರು ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ಅವರು ನನಗೆ ಇಟ್ಟ ಹೆಸರು "ಟೆನ್ಶನ್ ಮೇಷ್ಟ್ರು."

ಎತ್ತರದ ಆಳು, ಎತ್ತರಕ್ಕೆ ತಕ್ಕ ಹೊಟ್ಟೆ. ಗಡ್ಡಕ್ಕೆ ಮೆಹಂದಿ ಹಚ್ಚುತ್ತಿದ್ದರು. ಕನ್ನಡಿ ನೋಡಿಕೊಂಡು ಹಚ್ಚುವುದು ಹೆಂಗಸರ ಕೆಲಸ ಎಂಬುದು ಅವರ ವಾದವಾದ್ದರಿಂದ ಎಡಗಡೆ ಕಿತ್ತಳೆ ಬಣ್ಣ, ಬಲಗಡೆ ಅಲ್ಲಲ್ಲಿ ಬಿಳಿ. ಬಲಗಡೆಯಿಂದ ಕಂಡವರು ಹಿರಿಯರೆಂದು ನಮಸ್ಕಾರ ಮಾಡುತ್ತಿದ್ದರು, ಎಡಗಡೆಯಿಂದ ಕಂಡವರು ಹೆದರಿ ದಾರಿ ಬಿಡುತ್ತಿದ್ದರು. ಮಾತು ಶುರು ಮಾಡುವ ಮೊದಲು ಕನ್ನಡಕ ತೆಗೆದು ಒರೆಸುವ ಅಭ್ಯಾಸ. ಒರೆಸುತ್ತಿದ್ದುದು ಮಾತ್ರ ಎದುರಿಗಿದ್ದವರ ತೋಳಿಗೆ. ನನ್ನ ಇಸ್ತ್ರಿ ಮಾಡಿದ ಅಂಗಿಗಳ ಎಡತೋಳು ಅವರ ಕಾಲದಲ್ಲಿ ಒಂದು ದಿನವೂ ಸ್ವಚ್ಛವಾಗಿರಲಿಲ್ಲ. ನಮ್ಮ ಪೇಪರನ್ನು ನಮಗಿಂತ ಮೊದಲು ಓದಿ, ನಾನು ಬಾಗಿಲು ತೆಗೆಯುವಷ್ಟರಲ್ಲಿ ಅದರೊಳಗಿನ ಸುದ್ದಿಯನ್ನೆಲ್ಲ ಹೇಳಿ, "ಇವತ್ತು ನೀವು ಓದ್ಬೇಡಿ ಮೇಷ್ಟ್ರೇ, ಬಿಪಿ ಜಾಸ್ತಿಯಾಗುತ್ತೆ" ಎಂದು ತಾವೇ ಮಡಚಿ ಇಟ್ಟುಕೊಂಡು ಹೋದದ್ದೂ ಉಂಟು.

ಇಲಾಖೆಯಿಂದ ಬರುವಾಗ ಒಂದು ಸೀಟಿ ತಂದಿದ್ದರು. ಹಿಂದೆ ಕಳ್ಳಬಟ್ಟಿಯವರನ್ನು ಓಡಿಸಿಕೊಂಡು ಹೋಗುವಾಗ ಊದುತ್ತಿದ್ದ ಸೀಟಿಯಂತೆ. "ಊದಿದ ಕೂಡ್ಲೇ ಕಳ್ಳರು ಓಡೋರು. ಅವರ ಹಿಂದೆ ಓಡೋ ಕೆಲಸ ನಮಗೆ ತಪ್ತಿತ್ತು" ಎಂದು ಅದರ ಉಪಯೋಗ ವಿವರಿಸುತ್ತಿದ್ದರು. ಈಗ ಅದನ್ನು ಮಸೀದಿಯ ಅಡುಗೆಮನೆಯಲ್ಲಿ ಊದುತ್ತಿದ್ದರು. ಒಂದು ಸಲ ಊದಿದರೆ ಅಕ್ಕಿ ಹಾಕಬೇಕು, ಎರಡು ಸಲ ಊದಿದರೆ ಬೆಂಕಿ ತಗ್ಗಿಸಬೇಕು. ಸ್ವತಃ ಅಡುಗೆ ಬರುತ್ತಿರಲಿಲ್ಲ. ಹೆಂಡತಿ ಊರಿಗೆ ಹೋದಾಗ ಮೊಟ್ಟೆ ಬೇಯಿಸಲು ಹೋಗಿ, ನೀರು ಹಾಕುವುದನ್ನು ಮರೆತು, ಸಿಡಿದ ಮೊಟ್ಟೆಯನ್ನು ನಮ್ಮ ಮನೆಯ ಏಣಿ ತಂದು ಚಾವಣಿಯಿಂದ ಕೆರೆದವರು.

ಅಬಕಾರಿ ಕೆಲಸದ ಬಗ್ಗೆ ಬೀದಿಯಲ್ಲಿ ಎಲ್ಲರೂ ಅವರ ಕಾಲೆಳೆಯುತ್ತಿದ್ದರು. ಐದು ಹೊತ್ತು ನಮಾಜು ಮಾಡುವ ಮನುಷ್ಯ, ಒಂದು ತೊಟ್ಟು ಬಾಯಿಗೆ ಹಾಕಿದವರಲ್ಲ, ಬದುಕೆಲ್ಲ ಬಾರುಗಳ ಪರವಾನಗಿಗೆ ಸೀಲು ಒತ್ತಿದರಲ್ಲ ಎಂದು. ನಾನೂ ಒಮ್ಮೆ ಕೇಳಿದೆ. ಕನ್ನಡಕ ತೆಗೆದು ನನ್ನ ತೋಳಿಗೆ ಒರೆಸಿದರು.

"ನಾಳೆ ಅಲ್ಲಿ ಲೆಕ್ಕ ಕೇಳ್ತಾರಲ್ಲ ಮೇಷ್ಟ್ರೇ, ಆಗ ನಾನು, ಯಾ ಅಲ್ಲಾಹ್, ಇಷ್ಟು ಕಳ್ಳಬಟ್ಟಿ ಹಿಡಿದೆ ಅಂತೀನಿ. ಪಕ್ಕದಲ್ಲಿ ಲೆಕ್ಕ ಬರೆಯೋ ದೇವದೂತ, ಫರಿಶ್ತೆ, ಫೈಲ್ ತೆಗೆದು, ಇಷ್ಟು ಬಾರಿಗೆ ಸೈನ್ ಹಾಕಿದಾನೆ ಅಂತಾನೆ. ಎರಡೂ ನಿಜ. ಅದಕ್ಕೇ ರಿಟೈರ್ ಆದ್ಮೇಲೆ ಈ ಓವರ್‌ಟೈಮ್ ಮಾಡ್ತಿರೋದು."

ಓವರ್‌ಟೈಮ್ ಅಂದರೆ ಏನು ಎಂದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಾದದ್ದು ಸಂಗಮೇಶನಿಂದ.

ಸಂಗಮೇಶ ನನ್ನ ಹೆಂಡತಿಯ ತಮ್ಮ. ಮನೆಯಲ್ಲಿ ಸಂಗ್ಯಾ. ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ವ್ಯಾಪಾರಿಯೊಬ್ಬರ ಬಳಿ ಲೆಕ್ಕಪತ್ರ ನೋಡುತ್ತಿದ್ದ, ನಮ್ಮ ಮನೆಯಲ್ಲೇ ಇದ್ದ. ಬೈಕಿನಿಂದ ಬಿದ್ದು ಸೊಂಟ ನೋವು ಮಾಡಿಕೊಂಡಾಗ ಕೊಟ್ಟ ಮಾತ್ರೆಗಳನ್ನು ನೋವು ಹೋದ ಮೇಲೂ ಬಿಡಲಿಲ್ಲ. ಆಮೇಲೆ ಬಿಡಲು ಆಗಲಿಲ್ಲ. ಚೀಟಿಯಿಲ್ಲದೆ ಅವನ್ನು ಕೊಡುವವರು ಊರಲ್ಲಿ ಇದ್ದೇ ಇದ್ದರು. ಮಂಡಿಯಲ್ಲಿ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದಕ್ಕೆ ಸಾಹುಕಾರರು ಕೆಲಸದಿಂದ ತೆಗೆದರು. ನಾವು ಬೀದಿಗೆಲ್ಲ ಅವನಿಗೆ ಟೈಫಾಯ್ಡ್ ಎಂದು ಹೇಳಿದೆವು. ಬೇರೆ ಕಾಯಿಲೆ ಹೇಳಬಹುದಿತ್ತು, ಆದರೆ ಟೈಫಾಯ್ಡಿನಲ್ಲಿ ಯಾರೂ ಬಹಳ ಪ್ರಶ್ನೆ ಕೇಳುವುದಿಲ್ಲ ಎಂದು ನಾನು ಯೋಚನೆ ಮಾಡಿ ಆರಿಸಿದ್ದೆ.

ಅವನು ಮಾತ್ರೆ ತಗೊಂಡಿದ್ದಾನೋ ಇಲ್ಲವೋ ಎಂದು ಕಂಡುಹಿಡಿಯಲು ನನ್ನ ಹೆಂಡತಿ ಒಂದು ಪರೀಕ್ಷೆ ಮಾಡಿಕೊಂಡಿದ್ದಳು. ಸಾರಿಗೆ ಉಪ್ಪು ಹಾಕದೆ ಬಡಿಸುವುದು. "ಮಾತ್ರಿ ತಗೊಂಡ ದಿನ ಅಂವಗ ಉಪ್ಪಿದ್ರೂ ಅಷ್ಟ, ಇಲ್ದಿದ್ರೂ ಅಷ್ಟ. ಸುಮ್ನ ಉಂಡು ಏಳ್ತಾನ" ಎನ್ನುತ್ತಿದ್ದಳು. ಅವನು ಸುಮ್ಮನೆ ಉಂಡು ಏಳುತ್ತಿದ್ದ. ಅವಳು ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ಎಲ್ಲ ಗೊತ್ತಿದ್ದೂ ಅವನ ಎದುರು ಕೂತು ಅದೇ ಸಪ್ಪೆ ಸಾರು ಉಣ್ಣುತ್ತಿದ್ದೆ. ನನಗೆ ಬೇರೆ ಸಾರು ಮಾಡು ಅಂದರೆ ಅವನಿಗೆ ಅನುಮಾನ ಬರಬಹುದಲ್ಲ.

ಹೀಗಿರುವಾಗ ಒಂದು ಸಂಜೆ ಸಾಹೇಬರು ಮೂಸಂಬಿ ಹಿಡಿದುಕೊಂಡು ಬಂದರು.

"ಟೈಫಾಯ್ಡ್ ಅಂತೆ?"

"ಹೌದು ಸಾಹೇಬ್ರೇ, ಜೋರು ಜ್ವರ."

ಒಳಗೆ ಹೋದರು. ಮಂಚದ ತುದಿಯಲ್ಲಿ ಕೂತು, ಅವನ ಕೈಹಿಡಿದು, ಕಣ್ಣು ನೋಡಿದರು. ಕನ್ನಡಕ ತೆಗೆದು ಅವನ ಹೊದಿಕೆಗೆ ಒರೆಸಿ, ಹಾಕಿಕೊಂಡು, ಇನ್ನೊಮ್ಮೆ ನೋಡಿದರು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಾ, ಹೆಂಡತಿಗೂ ಕೇಳುವ ಹಾಗೆ ಅಂದರು: "ಈ ಟೈಫಾಯ್ಡ್ ನಾನು ಬಹಳ ನೋಡಿದೀನಿ ಮೇಷ್ಟ್ರೇ. ನಮ್ ಗಲ್ಲಿಲೂ ಹುಡುಗ್ರಿಗೆ ಬಂದಿತ್ತು. ಇದಕ್ಕೇ ಅಂತ ಡಾಕ್ಟರ್ ಒಬ್ರಿದಾರೆ. ಬೆಳಿಗ್ಗೆ ರೆಡಿಯಾಗಿರಿ."

ಹೆಂಡತಿ ಬಾಗಿಲು ಹಿಡಿದು ನಿಂತಿದ್ದಳು. ನಾನು ಏನೋ ಹೇಳಲು ಹೋದೆ. "ಟೈಫಾಯ್ಡ್ ಅಂತ ಹೇಳಿದ್ರಲ್ಲ, ಮುಗೀತು. ನಾನು ಇನ್ನೇನೂ ಕೇಳಿಲ್ಲ" ಎಂದು ಹೊರಟೇಬಿಟ್ಟರು.

ಆ ಮನುಷ್ಯ ಕೊನೆಯವರೆಗೂ ಅದಕ್ಕೆ ಬೇರೆ ಹೆಸರು ಇಡಲಿಲ್ಲ. ಆಸ್ಪತ್ರೆಯಲ್ಲಿ ಸಾಲಿನಲ್ಲಿ ನಿಂತಾಗಲೂ ಟೈಫಾಯ್ಡ್, ಅಲ್ಲಿ ಒಳಗಿಟ್ಟುಕೊಂಡು ಮಾತ್ರೆ ಬಿಡಿಸಿ ಕಳಿಸಿದ ಮೇಲೂ ಟೈಫಾಯ್ಡ್. ಅವರ ಕೈಯಲ್ಲಿ ಇಂಥ ಟೈಫಾಯ್ಡಿನವರು ಇನ್ನೂ ಕೆಲವರಿದ್ದರು ಎಂದು ಆಮೇಲೆ ತಿಳಿಯಿತು. ಯಾರು ಎಂದು ಮಾತ್ರ ಇವತ್ತಿಗೂ ತಿಳಿಯದು. ಶುಕ್ರವಾರದ ಪ್ರವಚನದಲ್ಲಿ ಇಂಥವರ ಹೆಸರು ಹೇಳಿ ನಾಚಿಕೆ ಆಗುವ ಹಾಗೆ ಮಾಡಬೇಕು ಎಂದು ಕಮಿಟಿಯಲ್ಲಿ ಯಾರೋ ಅಂದಾಗ, ಸಾಹೇಬರು ಎದ್ದುನಿಂತು, "ಇನ್ನೊಬ್ಬರ ತಪ್ಪು ಮುಚ್ಚಿದೋನ ತಪ್ಪನ್ನ ಅಲ್ಲಾಹ್ ಮುಚ್ತಾನೆ ಅಂತ ಕಲ್ಸಿದಾರೆ ನಮಗೆ. ಹೆಸರು ಹೇಳಿ ಪರವಾಗಿಲ್ಲ. ಆಮೇಲೆ ಕಮಿಟಿಯೋರ ಹೆಸರೂ ಒಂದೊಂದಾಗಿ ಹೇಳ್ಕೊಂಡು ಹೋಗೋಣ. ನಾನು ಅಬಕಾರಿಲಿದ್ದೋನು, ಯಾರು ಎಲ್ಲಿಗೆ ಬರ್ತಿದ್ರು ಅಂತ ನಂಗೊತ್ತು" ಅಂದರಂತೆ. ವಿಷಯ ಅಲ್ಲಿಗೇ ಮುಗಿಯಿತಂತೆ.

ಆಸ್ಪತ್ರೆಯಿಂದ ಬಂದ ಮೇಲೆ ಸಂಗ್ಯಾ ಒಮ್ಮೆ ಜಾರಿದ. ಸಪ್ಪೆ ಸಾರು ಉಂಡು ಎದ್ದ. ನಾನು ಸಾಹೇಬರ ಮನೆಗೆ ಹೋಗಿ, ಇದೆಲ್ಲ ಆಗುವ ಕೆಲಸ ಅಲ್ಲ, ಊರಿಗೆ ಕಳಿಸಿಬಿಡುತ್ತೇನೆ ಎಂದು ಕೂಗಾಡಿದೆ.

"ಕೂತ್ಕೊಳ್ಳಿ" ಅಂದರು. ಚಹಾ ತರಿಸಿದರು. "ನಿಮಗೊಂದು ಹೇಳ್ತೀನಿ. ಅರಬ್ಬರು ಆ ಕಾಲದಲ್ಲಿ ಹೆಂಗೆ ಕುಡಿಯೋರು ಗೊತ್ತಾ? ನಮ್ಮ ಇಲಾಖೆಗೇ ಲಾಭ ಬರೋ ಹಂಗೆ. ಅಲ್ಲಾಹ್ ಒಂದೇ ದಿನಕ್ಕೆ ಬಿಡಿ ಅನ್ಲಿಲ್ಲ ಕಣ್ರೀ. ಮೊದ್ಲು, ಅದ್ರಲ್ಲಿ ಒಳ್ಳೇದಕ್ಕಿಂತ ಕೆಟ್ಟದ್ದೇ ಜಾಸ್ತಿ ಅಂದ. ಆಮೇಲೆ, ನಶೆಲಿದ್ದಾಗ ನಮಾಜಿಗೆ ಬರ್ಬೇಡಿ, ಬಾಯಲ್ಲಿ ಏನು ಹೇಳ್ತಿದೀರಿ ಅಂತ ಗೊತ್ತಾಗೋವರ್ಗೂ ಬರ್ಬೇಡಿ ಅಂದ. ದಿನಕ್ಕೆ ಐದು ಹೊತ್ತು ನಮಾಜು. ಇನ್ನು ಕುಡಿಯೋದು ಯಾವಾಗ, ಇಳಿಯೋದು ಯಾವಾಗ? ಕೊನೇಗೆ, ಬಿಟ್ಟೇಬಿಡಿ ಅಂದ. ಎಲ್ಲಾನೂ ಒಂದೇ ಮಾತಲ್ಲಿ ಆಗ್ಸೋ ತಾಕತ್ತು ಇರೋನೇ ಅಷ್ಟು ನಿಧಾನಕ್ಕೆ ಹೋಗಿದಾನೆ. ನೀವು ಯಾರ್ರೀ ಅವಸರ ಮಾಡೋಕೆ? ಸಿಲಬಸ್ ಮುಗೀಬೇಕಾ?"

ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮಸೀದಿಯಲ್ಲೇ ಏನಾದರೂ ಮಂತ್ರಿಸಿ ಕೊಡಬಾರದೇ ಎಂದು ನನ್ನ ಹೆಂಡತಿ ಕೇಳಿದಾಗ, "ತಂಗೀ, ಡಾಕ್ಟರ್ ಗಂಜಿ ಕೊಡಲ್ಲ, ನಾವು ಮಾತ್ರೆ ಕೊಡಲ್ಲ. ಅವ್ರವ್ರ ಕೆಲಸ ಅವ್ರವ್ರು ಮಾಡೋಣ" ಅಂದರು.

ಹೀಗೆ ರಂಜಾನ್ ಬಂತು. ಸಂಗ್ಯಾ ಚೇತರಿಸಿಕೊಳ್ಳುತ್ತಿದ್ದ. ರಾತ್ರಿ ಡಾಕ್ಟರು ಕೊಟ್ಟ ಒಂದು ಮಾತ್ರೆ ಬಿಟ್ಟರೆ ಬೇರೆ ಇರಲಿಲ್ಲ. ಆದರೆ ಮಧ್ಯಾಹ್ನ ಇಳಿಯುತ್ತಿದ್ದ ಹಾಗೆ ಮನೆಯಲ್ಲಿ ಬೋನಿನ ಹುಲಿಯಂತೆ ಓಡಾಡುತ್ತಿದ್ದ. ಗೇಟಿನವರೆಗೆ ಹೋಗುವುದು, ವಾಪಸು ಬರುವುದು. ಅವನು ಗೇಟಿಗೆ ಹೋದಾಗಲೆಲ್ಲ ನಾನು ಕಿಟಕಿಗೆ ಹೋಗುತ್ತಿದ್ದೆ. ಸಾಹೇಬರು ಇದನ್ನು ತಮ್ಮ ಮಹಡಿಯಿಂದ ನೋಡಿದ್ದಾರೆ.

"ಇಬ್ರೂ ವಾಕಿಂಗ್ ಮಾಡ್ತಿದೀರಾ? ಒಬ್ಬನನ್ನ ನಂಗೆ ಕೊಡಿ. ಅಡುಗೆಮನೆಲಿ ಕೆಲಸ ಇದೆ."

ಕೆಲಸ ಏನೆಂದರೆ ಉಪ್ಪು ನೋಡುವುದು.

ರಂಜಾನಿನಲ್ಲಿ ಮಸೀದಿಯಲ್ಲಿ ದಿನಾ ಸಂಜೆ ಉಪವಾಸ ಬಿಡುವವರಿಗೆ ದೊಡ್ಡ ಹಂಡೆಯಲ್ಲಿ ಗಂಜಿ ಮಾಡುತ್ತಾರೆ. ಅಕ್ಕಿ, ಹೆಸರುಬೇಳೆ, ಬೆಳ್ಳುಳ್ಳಿ, ಮೆಂತ್ಯ, ತೆಂಗಿನಹಾಲು. ಮಧ್ಯಾಹ್ನ ಶುರು ಮಾಡಿದರೆ ಸಂಜೆಯವರೆಗೆ ದೋಣಿಯ ಹುಟ್ಟಿನಂಥ ಸೌಟಿನಲ್ಲಿ ತಿರುವುತ್ತಲೇ ಇರಬೇಕು. ಮಾಡುವವರೆಲ್ಲ ಉಪವಾಸ. ರುಚಿ ನೋಡುವವರು ಯಾರು? "ನಾಲಿಗೆ ತುದಿಗೆ ಮುಟ್ಟಿಸಿ ಉಗಿದ್ರೆ ರೋಜಾ ಮುರಿಯಲ್ಲ ಅಂತಾರೆ ತಿಳಿದೋರು," ಎಂದು ಸಾಹೇಬರು ವಿವರಿಸಿದರು, "ಆದ್ರೆ ಸಂಜೆ ಐದು ಗಂಟೆಗೆ ಗಂಜಿ ನಾಲಿಗೆಗೆ ಮುಟ್ಟಿಸಿ ಉಗಿಯೋ ಗಂಡಸು ಆರ್.ಟಿ. ನಗರದಲ್ಲಿ ಇನ್ನೂ ಹುಟ್ಟಿಲ್ಲ." ಹಾಗಾಗಿ ಮೂಸಿ ನೋಡಿ ಅಂದಾಜಿನ ಮೇಲೆ ಉಪ್ಪು ಹಾಕುತ್ತಿದ್ದರು. ಹಿಂದಿನ ವರ್ಷ ಒಂದು ದಿನ ಮೂರು ಜನ ಒಬ್ಬರಿಗೆ ಗೊತ್ತಿಲ್ಲದೆ ಒಬ್ಬರು ಅಂದಾಜು ಮಾಡಿದ್ದರಿಂದ, ದಿನವೆಲ್ಲ ನೀರಿಲ್ಲದೆ ಇದ್ದ ಜನ ಗಂಜಿ ಕುಡಿದು ಮತ್ತೆ ನೀರಿಗಾಗಿ ಓಡಿದ್ದರು.

"ನಾವು ರೋಜಾ. ನೀನು ನಮ್ ನಾಲಿಗೆ," ಎಂದು ಸಂಗ್ಯಾನಿಗೆ ಹೇಳಿದರು. "ಉಪ್ಪಿನ ಡಬ್ಬಿ ನಿಂದು. ಬೇರೆ ಯಾರ್ ಮುಟ್ಟಿದ್ರೂ ಸೀಟಿ."

 ನಾವು ಮೊಟ್ಟೆಯನ್ನೂ ಮುಟ್ಟದ ಲಿಂಗಾಯತರು, ಗಂಜಿಗೆ ಕೈಮಾ ಹಾಕುತ್ತಾರಲ್ಲ ಎಂದೆ. "ಕೈಮಾ ಬೇರೆ ಪಾತ್ರೆಲಿ, ಬೇಕಾದೋರಿಗೆ ಮೇಲೆ ಹಾಕೋದು. ಇವನ ಸೌಟೇ ಬೇರೆ, ಅದಕ್ಕೆ ಹಸಿರು ದಾರ ಕಟ್ಟಿದೀನಿ. ಇವನ ಜಾತಿ ಕೆಡಿಸಿ ನಾನು ಯಾವ ಲೆಕ್ಕಕ್ಕೆ ಉತ್ತರ ಕೊಡ್ಲಿ? ಬಾರಿನ ಲೆಕ್ಕನೇ ಸಾಕಾಗಿದೆ." ಸಂಗ್ಯಾ ನಡುವೆ ಬಾಯಿ ಹಾಕಿ, ನಾನೂ ಒಂದು ದಿನ ರೋಜಾ ಮಾಡಲೇನು ಎಂದು ಕೇಳಿದ. "ಕಾಯಿಲೆಯೋರಿಗೆ ರೋಜಾ ಇಲ್ಲ, ಅದು ಮೇಲಿಂದಲೇ ಬಂದಿರೋ ರಿಯಾಯಿತಿ. ನೀನು ನಮ್ಮೋನೂ ಅಲ್ಲ, ಮೇಲೆ ಟೈಫಾಯ್ಡು. ಡಬಲ್ ರಿಯಾಯಿತಿ. ಮುಚ್ಕೊಂಡು ರುಚಿ ನೋಡು."

ಮಂಡಿ ಸಾಹುಕಾರರೂ ಅದೇ ಕಮಿಟಿಯ ಸದಸ್ಯರು. ಅವರಿಗೆ ಇದು ಹಿಡಿಸಲಿಲ್ಲ. "ಊರಲ್ಲಿ ಬೇರೆ ನಾಲಿಗೆ ಸಿಗ್ಲಿಲ್ವಾ ಸಾಬ್? ನನ್ ಆಫೀಸಲ್ಲಿ ಗೊರಕೆ ಹೊಡೀತಿದ್ದೋನು ಅಡುಗೆಮನೆಲಿ ಏನ್ ಕಡಿತಾನೆ?" ಎಂದು ಎಲ್ಲರೆದುರು ಕೇಳಿದರು. ಸಾಹೇಬರು ಕತ್ತಿನಲ್ಲಿ ಸೀಟಿಯ ಜೊತೆ ನೇತಾಡುತ್ತಿದ್ದ ಅಡುಗೆಮನೆಯ ಬೀಗದಕೈ ತೋರಿಸಿದರು. "ಇವನಿಂದ ಏನಾದ್ರೂ ಎಡವಟ್ಟಾದ್ರೆ ಇದನ್ನ ತಗೊಂಡು ಮನೆಗೆ ಹೋಗಿ. ನಾನು ಇನ್ನು ಈ ಬಾಗಿಲಿಗೆ ಕಾಲಿಡಲ್ಲ. ಏನೂ ಆಗ್ಲಿಲ್ಲ ಅಂದ್ರೆ ಅವನ ಕೆಲಸ ಅವನಿಗೆ ವಾಪಸ್ ಕೊಡಿ." ಆ ಬೀಗದಕೈ ಅವರಿಗೆ ಪೊಲೀಸರ ಮೆಡಲ್ಲಿನ ಹಾಗೆ. ಮದುವೆಗೂ ಅದನ್ನು ಹಾಕಿಕೊಂಡೇ ಹೋಗುತ್ತಿದ್ದರು. ಸಾಹುಕಾರರು, ಸರಿ, ಹಬ್ಬಕ್ಕೆ ಮೊದಲು ಒಂದು ದಿನ ಬಂದು ಕೂತು ನೋಡುತ್ತೇನೆ ಎಂದರು.

ಸಂಗ್ಯಾ ಆ ಕೆಲಸದಲ್ಲಿ ಹೇಗೆ ಬೆಳೆದ ಎಂದರೆ ನೋಡಬೇಕು. ನಮ್ಮ ಮನೆಯಲ್ಲಿ ಅವನು ಬಾತ್‌ರೂಮಿಗೆ ಹೋದರೂ ನಾವು ಅನುಮಾನ ಪಡುತ್ತಿದ್ದೆವು. ಅಲ್ಲಿ ಸಾಹೇಬರು ಸೀಟಿ ಊದಿ "ಟೈಫಾಯ್ಡ್, ಉಪ್ಪು ನೋಡು!" ಎಂದರೆ ಹತ್ತಾರು ಗಡ್ಡದ ಗಂಡಸರು ಕೈಯಲ್ಲಿದ್ದ ಕೆಲಸ ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದರು. ಅವನು ಹಸಿರು ದಾರದ ಸೌಟಿನಿಂದ ಒಂದಿಷ್ಟು ಅಂಗೈಗೆ ಹಾಕಿ, ನೆಕ್ಕಿ, ಕಣ್ಣು ಮುಚ್ಚಿ, ನ್ಯಾಯಾಧೀಶನ ಹಾಗೆ ತಡೆದು, "ಇನ್ನೊಂದು ಹಿಡಿ ಬೇಕ್ರೀ" ಅನ್ನುತ್ತಿದ್ದ. ಎಲ್ಲರೂ ಉಸಿರು ಬಿಡುತ್ತಿದ್ದರು. ದಿನಗಳು ಕಳೆದರೂ ಉಪ್ಪು ಹೆಚ್ಚುಕಡಿಮೆ ಆಗಲಿಲ್ಲ. ನನ್ನ ಹೆಂಡತಿ ಮನೆಯಲ್ಲಿ ಸಪ್ಪೆ ಸಾರಿನ ಪರೀಕ್ಷೆಯನ್ನು ಆಗಾಗ ಮಾಡುತ್ತಲೇ ಇದ್ದಳು, ಅವನು ಪ್ರತಿ ಸಲವೂ ಮುಖ ಸಿಂಡರಿಸುತ್ತಿದ್ದ, ಅವಳು ಸಂತೋಷದಿಂದ ಉಪ್ಪು ತರುತ್ತಿದ್ದಳು.

ಇದೆಲ್ಲ ಆಗಿ ಬಹಳ ದಿನವಾಗಿಲ್ಲ. ಆದರೆ ಈ ರಂಜಾನಿಗೆ ಸಾಹೇಬರಿಲ್ಲ. ಚಳಿಗಾಲದಲ್ಲಿ ಒಂದು ಮಧ್ಯಾಹ್ನ, ನಮ್ಮ ಪೇಪರು ಓದುತ್ತಾ ಕುರ್ಚಿಯಲ್ಲೇ ಹೋದರು. ಕಬರಸ್ತಾನದಲ್ಲಿ ನಾನು ಎಲ್ಲಿ ನಿಲ್ಲಬೇಕು, ತಲೆಗೆ ಕರ್ಚೀಪು ಕಟ್ಟಿದ್ದು ಸರಿಯೇ ಎಂದು ಯೋಚಿಸುತ್ತಾ ನಿಂತಿದ್ದೆ. ಪಕ್ಕದಲ್ಲಿ ಪರಿಚಯವಿಲ್ಲದ ಒಬ್ಬ ಯುವಕ ಅಳುತ್ತಿದ್ದ. ನಿಮಗೆ ಹೇಗೆ ಗೊತ್ತು ಸಾಹೇಬರು ಎಂದು ಕೇಳಿದೆ. "ನಂಗೂ ಟೈಫಾಯ್ಡ್ ಆಗಿತ್ತು ಅಂಕಲ್" ಅಂದ. ನಾನು ಇನ್ನೇನೂ ಕೇಳಲಿಲ್ಲ.

ಈಗ ಆ ಸಂಜೆಗೆ ಬರುತ್ತೇನೆ, ಸಾಹುಕಾರರು ಬಂದ ಸಂಜೆಗೆ.

ಬೆಳಿಗ್ಗೆಯಿಂದಲೇ ಲಕ್ಷಣ ಸರಿಯಿರಲಿಲ್ಲ. ಸಂಗ್ಯಾ ಉಪ್ಪಿಟ್ಟು ಮುಟ್ಟದೆ, "ಅಲ್ಲೇ ತಿಂತೀನಿ" ಎಂದು ಹೊರಟ. ಹಸಿವಿಲ್ಲದಿರುವುದು, ನನ್ನ ಲೆಕ್ಕದಲ್ಲಿ ಒಂದನೆಯ ಲಕ್ಷಣ. ಕಾಲೇಜಿಗೆ ರಜೆ ಹಾಕಿ ಮಧ್ಯಾಹ್ನ ನಾನೂ ಹೋದೆ. ಅವನು ಗೋಡೆಗೆ ಒರಗಿ ಕೂತಿದ್ದ. ತುಟಿ ಒಣಗಿತ್ತು. ಎರಡನೆಯ ಲಕ್ಷಣ. ಎದ್ದಾಗ ಕಂಬ ಹಿಡಿದ. ಮೂರನೆಯದನ್ನು ಎಣಿಸುವ ಧೈರ್ಯ ನನಗೆ ಬರಲಿಲ್ಲ. ಸಾಹೇಬರ ಬಳಿ ಹೋಗಿ ಪಿಸುಗುಟ್ಟಿದೆ: "ಯಾಕೋ ಇವತ್ತು ಸರಿ ಇಲ್ಲ ಅನ್ಸುತ್ತೆ."

"ಯಾರು, ನೀವಾ? ನೀವು ಯಾವತ್ತು ಸರಿ ಇದ್ರಿ?" ಎಂದು ಕನ್ನಡಕ ತೆಗೆದು ನನ್ನ ತೋಳಿಗೆ ಒರೆಸಿದರು. ಆದರೆ ಹಾಕಿಕೊಂಡ ಮೇಲೆ ಅವರೂ ಸಂಗ್ಯಾನನ್ನು ಒಂದು ಕ್ಷಣ ಜಾಸ್ತಿಯೇ ನೋಡಿದರು.  ಅವರ ಕೈ ಬೀಗದಕೈ ಮುಟ್ಟಿ ನೋಡಿಕೊಂಡಿತು.

ಸೀಟಿ ಊದಿದರು. "ಟೈಫಾಯ್ಡ್, ಉಪ್ಪು ನೋಡು!"

ಸಂಗ್ಯಾ ಸೌಟಿನಿಂದ ಅಂಗೈಗೆ ಹಾಕಿಕೊಂಡ. ಅಂಗೈ ಬಾಯಿಯ ಹತ್ತಿರ ಹೋಯಿತು. ಕಣ್ಣು ಮುಚ್ಚಿದ. ಬಹಳ ಹೊತ್ತು ತಡೆದು, ಡಬ್ಬಿಯಿಂದ ಚೂರು ಉಪ್ಪು ತೆಗೆದು ಹಾಕಿ, "ಸರಿ ಐತ್ರೀ" ಅಂದ. ಎಲ್ಲರೂ ಉಸಿರು ಬಿಟ್ಟರು. ನಾನೂ ಬಿಟ್ಟೆ.

ಸಾಹುಕಾರರು ಬಿಳಿ ಜುಬ್ಬಾ ಹಾಕಿಕೊಂಡು ಬಂದರು. ಸಾಹೇಬರ ಪ್ರಭಾವದಿಂದ ನನಗೂ ಸಾಲಿನಲ್ಲಿ ಜಾಗ ಸಿಕ್ಕಿತು, ಸಾಹುಕಾರರ ಎದುರಿಗೆ. ಎಲ್ಲರ ಮುಂದೆ ಖರ್ಜೂರ, ಕಲ್ಲಂಗಡಿ, ಬಟ್ಟಲಲ್ಲಿ ಹೊಗೆಯಾಡುವ ಗಂಜಿ.  ಅಜಾನ್ ಕೇಳಿಸಿತು. ಖರ್ಜೂರ ತಿಂದು, ನೀರು ಕುಡಿದು, ಎಲ್ಲರೂ ಬಟ್ಟಲು ಎತ್ತಿದರು.

ನಾನು ಒಂದು ಗುಟುಕು ಕುಡಿದೆ. ಉಪ್ಪಿರಲಿಲ್ಲ.

ಉಪ್ಪು ಸಾಲದು ಎಂದಲ್ಲ. ನಮ್ಮ ಮನೆಯ ಪರೀಕ್ಷೆಯ ಸಾರಿನ ಹಾಗೆ, ಇರಲೇ ಇಲ್ಲ.  ಅಂಗೈಗೆ ಹಾಕಿಕೊಂಡು ನೋಡಿ, ಇದನ್ನು ಸರಿಯಿದೆ ಅಂದಿದ್ದಾನೆ. ಅಂದರೆ ಮತ್ತೆ ಶುರುವಾಗಿದೆ. ಉಪ್ಪಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಎದುರಿಗೆ ಸಾಹುಕಾರರ ಬಟ್ಟಲು ತುಟಿಯ ಹತ್ತಿರ ನಿಂತಿತ್ತು. "ಇದೇನಿದು, ಉ..."

"ಆಹಾ!" ಎಂದು ಸಾಹೇಬರು ಅಷ್ಟು ಜೋರಾಗಿ ಅಂದರು ಎಂದರೆ ಕೊನೆಯ ಸಾಲಿನವರೂ ತಿರುಗಿ ನೋಡಿದರು. "ಫಸ್ಟ್ ಕ್ಲಾಸ್ ಇವತ್ತು. ನನಗೆ ಇನ್ನೊಂದು ಬಟ್ಟಲು ಹಾಕ್ರಪ್ಪಾ." ನಿಜವಾಗಿಯೂ ಇನ್ನೊಂದು ಬಟ್ಟಲು ಹಾಕಿಸಿಕೊಂಡು, ಮುಖದ ಒಂದು ಗೆರೆಯೂ ಅಲುಗದಂತೆ ಕುಡಿದರು. ಪ್ರವಾದಿಯವರು ಊಟದಲ್ಲಿ ಯಾವತ್ತೂ ಕೊಂಕು ತೆಗೆದವರಲ್ಲ, ಬೇಕಾದರೆ ತಿನ್ನುತ್ತಿದ್ದರು, ಬೇಡವಾದರೆ ಸುಮ್ಮನೆ ಬಿಡುತ್ತಿದ್ದರು ಎಂದು ಸಾಹೇಬರು ತಮ್ಮ ಹೆಂಡತಿಯ ಅಡುಗೆ ವಿಷಯದಲ್ಲಿ ಹೇಳುವುದನ್ನು ಕೇಳಿದ್ದೆ. ನೂರಾರು ಜನ ಅದನ್ನು ಪಾಲಿಸುವುದನ್ನು ನೋಡಿದ್ದು ಅವತ್ತೇ. ಒಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ಸೊರಸೊರ ಕುಡಿಯುವ ಸದ್ದು ಮಾತ್ರ.

ಸಾಹೇಬರು ಬಟ್ಟಲಿನ ಮರೆಯಲ್ಲಿ ಸಾಹುಕಾರರಿಗೂ ನನಗೂ ಗಡ್ಡದಿಂದಲೇ ಸನ್ನೆ ಮಾಡಿದರು: ಅಲ್ಲಿ ನೋಡಿ.

ಅಡುಗೆಮನೆಯ ಬಾಗಿಲಲ್ಲಿ ಸಂಗ್ಯಾ ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲಿ ಅರ್ಧ ಕಚ್ಚಿದ ಖರ್ಜೂರ. ಚೊಂಬನ್ನು ಎತ್ತಿ ನೀರು ಕುಡಿಯುತ್ತಿದ್ದ. ಕತ್ತಿನ ಮೇಲೆ, ಅಂಗಿಯ ಮೇಲೆ ನೀರು ಸುರಿಯುತ್ತಿತ್ತು. ಬೆಳಗಿನಿಂದ ಒಂದು ಹನಿಯೂ ಕಾಣದವನ ಹಾಗೆ ಕುಡಿಯುತ್ತಿದ್ದ.

ಆಗ ನನಗೆ ಅರ್ಥವಾಯಿತು. ನಾನು ಎಣಿಸಿಟ್ಟುಕೊಂಡಿದ್ದ ಲಕ್ಷಣಗಳೆಲ್ಲ ಹಸಿವಿನವು. ಅಂಗೈ ಬಾಯಿಯ ಹತ್ತಿರ ಹೋಗಿತ್ತು, ಬಾಯಿ ತೆರೆದಿರಲಿಲ್ಲ.

"ಡಬಲ್ ರಿಯಾಯಿತಿ ಕೊಟ್ರೂ ತಗೊಳ್ಳಲ್ಲ ನನ್ಮಗ," ಎಂದು ಸಾಹೇಬರು ಗೊಣಗಿದರು. ಕನ್ನಡಕ ತೆಗೆದರು. ಅವತ್ತು ಅದನ್ನು ತಮ್ಮ ತೋಳಿಗೇ ಒರೆಸಿಕೊಂಡರು.

ಸಾಹುಕಾರರು ಬಟ್ಟಲು ಖಾಲಿ ಮಾಡಿ ಎದ್ದರು. ಸಂಗ್ಯಾನ ಹತ್ತಿರ ಹೋಗಿ ನಿಂತರು. ಅವನು ಗಾಬರಿಯಿಂದ ಚೊಂಬು ಕೆಳಗಿಟ್ಟ.

"ಹಬ್ಬ ಆದ್ಮೇಲೆ ಮಂಡಿಗೆ ಬಾ," ಅಂದರು. "ಊಟ ಮಾಡ್ಕೊಂಡು ಬಾ."

ಬೀಗದಕೈ ಸಾಹೇಬರ ಕತ್ತಿನಲ್ಲೇ ಉಳಿಯಿತು.

ಮನೆಗೆ ನಡೆದು ಬರುವಾಗ ಸಂಗ್ಯಾನನ್ನು ಕೇಳಿದೆ, ಯಾಕೋ ಹೀಗೆ ಮಾಡಿದೆ ಎಂದು. ಅಕ್ಕನ ಗಂಡನನ್ನು ನಮ್ಮ ಕಡೆ ಮಾಮಾ ಅನ್ನುವುದು. "ಅಲ್ಲ ಮಾಮಾ, ಅಷ್ಟ್ ಮಂದಿ ಹಸಕೊಂಡು ನನ್ನ ಮಾರಿ ನೋಡ್ಕೋತ ನಿಂತಿರ್ತಾರ, ನಾ ಒಬ್ಬನ ಹೆಂಗ ನೆಕ್ಕಲಿ? ಒಂದ್ ದಿನ ನೋಡೋಣು ಅಂತ ಮಾಡಿದೆ. ಉಪ್ಪು ಜಾಸ್ತಿ ಆದ್ರ ತಗಿಯಾಕ ಬರಂಗಿಲ್ಲ ನೋಡ್ರಿ, ಅದಕ್ಕ ಅಂಜಿ ಚೂರ ಹಾಕಿದೆ. ಸರಿ ಆಗಿತ್ತೇನು?"

"ಫಸ್ಟ್ ಕ್ಲಾಸ್" ಎಂದೆ.

ಮನೆಯಲ್ಲಿ ಅವನು ಕೈಕಾಲು ತೊಳೆದು ನೇರ ಊಟಕ್ಕೆ ಕೂತ. ನಾನು ಮಸೀದಿಯಿಂದ ತಂದಿದ್ದ ಡಬ್ಬಿಯನ್ನು ಹೆಂಡತಿ ತೆರೆದು ಒಂದು ಚಮಚ ಗಂಜಿ ಬಾಯಿಗೆ ಹಾಕಿದಳು. ಚಮಚ ಹಿಡಿದ ಕೈ ಅಲ್ಲೇ ನಿಂತಿತು. ಆ ಪರೀಕ್ಷೆಯನ್ನು ಕಂಡುಹಿಡಿದವಳೇ ಅವಳು. 

"ರೀ," ಎಂದಳು ಮೆಲ್ಲಗೆ. "ಇದಕ್ಕ ಉಪ್ಪ ಇಲ್ಲ. ಅಂವಾ ಮತ್ತ..."

"ಎಲ್ಲಿ ಇಲ್ಲ? ನನಗ ಸರಿ ಐತಿ," ಎಂದೆ. "ಸುಮ್ನ ಕುಡಿ."

ಅವಳು ನನ್ನನ್ನು ನೋಡಿದಳು. ತಮ್ಮನನ್ನು ನೋಡಿದಳು. ಸಾಹುಕಾರರು ಬರುವ ದಿನವೆಂದು ಅವಳು ಅವತ್ತು ಮನೆಯ ಸಾರಿಗೂ ಪರೀಕ್ಷೆ ಇಟ್ಟಿದ್ದಳು ಎಂದು ನನಗೆ ಗೊತ್ತಿರಲಿಲ್ಲ. ಸಂಗ್ಯಾ ಗುಡ್ಡದಂಥ ಅನ್ನಕ್ಕೆ ಸಾರು ಸುರಿದುಕೊಂಡು, ಕಲಸಿ, ಒಂದು ತುತ್ತು ಬಾಯಿಗಿಟ್ಟ. ಅಗಿಯುವುದು ನಿಂತಿತು. ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿ, ಮುಖ ಸಿಂಡರಿಸಿದ.

"ಅಕ್ಕಾ," ಅಂದ, "ಸಾರಿಗೂ ಉಪ್ಪಿಲ್ಲಲ್ಲ!"